ಮರ್ಸೆಡ್‌ನಲ್ಲೊಂದು ಸೀಟು

ನಮ್ಮ ಕಾಲದಲ್ಲಿ ಸೀಟು ಅಂದರೆ ಕಾಲೇಜಿನ ಸೀಟು. ‘ಸೀಟು ಸಿಕ್ತಾ?’ ಅಂತ ಯಾರಾದರೂ ಕೇಳಿದರೆ ಇಂಜಿನಿಯರಿಂಗಾ ಮೆಡಿಕಲ್ಲಾ, ಫ್ರೀ ಸೀಟಾ ಪೇಮೆಂಟ್ ಸೀಟಾ ಅಂತ ಅರ್ಥ. ನಾನು 1997ರಲ್ಲಿ ಸಿಇಟಿ ಬರೆದವಳು. ಒಂದು ಪರೀಕ್ಷೆ, ಒಂದು ರ‍್ಯಾಂಕು, ಕೌನ್ಸೆಲಿಂಗ್‌ಗೆ ಅಪ್ಪನ ಜೊತೆ ಬೆಂಗಳೂರಿಗೆ ರಾತ್ರಿ ಬಸ್ಸು. ನಮ್ಮ ಸರದಿ ಬರುವಷ್ಟರಲ್ಲಿ ಏನು ಉಳಿದಿದೆಯೋ ಅದರಲ್ಲಿ ಒಂದನ್ನು ಆರಿಸಿಕೊಂಡು ವಾಪಸ್ ಬಂದೆವು. ಕಷ್ಟದ ವ್ಯವಸ್ಥೆಯೇ, ಆದರೆ ಅರ್ಥವಾಗದೇ ಇರುವಂಥದ್ದೇನೂ ಅದರಲ್ಲಿ ಇರಲಿಲ್ಲ.

ನಾವಿರೋದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. 2024ರ ಬೇಸಿಗೆಯಲ್ಲಿ ಮಗಳು ಹನ್ನೊಂದನೇ ಕ್ಲಾಸಿಗೆ ಕಾಲಿಡುವ ಹೊತ್ತಿಗೆ ಎಸ್‌ಎಟಿ, ಅಂದರೆ ಇಲ್ಲಿ ಕಾಲೇಜು ಸೇರೋಕೆ ಬರೆಯುವ ಪರೀಕ್ಷೆಯ ಬಗ್ಗೆ ನನಗೆ ಗೊತ್ತಿದ್ದದ್ದು ಇಷ್ಟೇ: 1600ಕ್ಕೆ ಅಂಕ, ಎಷ್ಟು ಸಲ ಬೇಕಾದರೂ ಬರೆಯಬಹುದು, ಎಲ್ಲರ ಮಕ್ಕಳೂ ಬರೀತಾರೆ. ಸರಿ, ನಾನೂ ಒಂದು ಎಕ್ಸೆಲ್ ಶೀಟ್ ಮಾಡಿದೆ. 52 ವಾರ, ಐದು ಬಣ್ಣ. ಹಸಿರು ಗಣಿತಕ್ಕೆ, ನೀಲಿ ಇಂಗ್ಲಿಷ್‌ಗೆ. ಭಾನುವಾರಗಳಿಗೆಲ್ಲ ಕೆಂಪು, ಅಂದರೆ ಪೂರ್ತಿ ಅಣಕು ಪರೀಕ್ಷೆ. ಮಗಳು ಲ್ಯಾಪ್‌ಟಾಪ್ ತನ್ನ ಕಡೆ ತಿರುಗಿಸಿಕೊಂಡು ಎರಡು ನಿಮಿಷ ನೋಡಿದಳು.

‘ಅಮ್ಮಾ, ಇದರಲ್ಲಿ ನಾನು ಮಲಗೋದು ಯಾವ ಬಣ್ಣ?’

ಆ ಶೀಟು ಈಗಲೂ ಇದೆ. ಎರಡನೇ ವಾರದ ಆಚೆಗೆ ಯಾರೂ ಅದನ್ನು ತೆರೆದಿಲ್ಲ.

ಮೊದಲು ನನಗೆ ತಲೆಗೆ ಹೋಗದ ವಿಷಯ ಹೇಳಿಬಿಡುತ್ತೇನೆ. ನಮ್ಮ ರಾಜ್ಯದ್ದೇ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಅಂದರೆ ಬರ್ಕ್ಲಿ, ಯುಸಿಎಲ್‌ಎ, ಡೇವಿಸ್ ಎಲ್ಲ ಸೇರಿದ ಯುಸಿ, ಎಸ್‌ಎಟಿ ಅಂಕವನ್ನು ನೋಡೋದೇ ಇಲ್ಲ. ಅಂಕ ಕೊಡೋದು ಬಿಡೋದು ನಿಮ್ಮಿಷ್ಟ ಅನ್ನುವ ಲೆಕ್ಕವೂ ಅಲ್ಲ. ಕೊಟ್ಟರೂ ಪ್ರವೇಶದ ತೀರ್ಮಾನದಲ್ಲಿ ಅದಕ್ಕೆ ಜಾಗ ಇಲ್ಲ. ಕೋವಿಡ್ ಶುರುವಾದ 2020ರ ಮೇ ತಿಂಗಳಲ್ಲಿ ಅವರ ಆಡಳಿತ ಮಂಡಳಿ ಈ ಪರೀಕ್ಷೆಗಳನ್ನು ಹಂತ ಹಂತವಾಗಿ ಬಿಡುವ ನಿರ್ಧಾರ ಮಾಡಿತು. ಮಾರನೇ ವರ್ಷ ಪೂರ್ತಿ ನಿಂತೇಹೋಯಿತು. 2022ರಲ್ಲಿ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯೂ ಅದೇ ದಾರಿ ಹಿಡಿಯಿತು. ಮಗಳ ಪಟ್ಟಿಯಲ್ಲಿ ಮೊದಲು ಬರೆದ ಮೂರು ಹೆಸರು ಯುಸಿ ಡೇವಿಸ್, ಯುಸಿ ಸ್ಯಾನ್ ಡಿಯೇಗೊ ಮತ್ತು ಸ್ಟೇಟ್ ಯೂನಿವರ್ಸಿಟಿಗೆ ಸೇರಿದ ಸ್ಯಾನ್ ಲೂಯಿಸ್ ಒಬಿಸ್ಪೊದ ಕ್ಯಾಲ್ ಪಾಲಿ. ಮೂರಕ್ಕೂ ಎಸ್‌ಎಟಿ ಬೇಡ.

ಹಾಗಾದರೆ ಯಾಕೆ ಬರೆಯಬೇಕು? ನಮ್ಮನೆಯವರು ಕೇಳಿದ್ದೂ ಇದನ್ನೇ. ‘ನೋಡೋದೇ ಇಲ್ಲ ಅಂದಮೇಲೆ ಸುಮ್ನೆ ಮಗುಗೆ ಯಾಕೆ ಕಾಟ?’

ಯಾಕೆಂದರೆ ರಾಜ್ಯದ ಗಡಿ ದಾಟಿದರೆ ಕಥೆ ಬೇರೆ. ಕೋವಿಡ್ ಹೊತ್ತಿನಲ್ಲಿ ಎಸ್‌ಎಟಿ ಬಿಟ್ಟಿದ್ದ ಕಾಲೇಜುಗಳು ಒಂದೊಂದಾಗಿ ವಾಪಸ್ ಕೇಳೋಕೆ ಶುರು ಮಾಡಿದ್ದವು. 2022ರಲ್ಲಿ ಎಂಐಟಿ, 2024ರಲ್ಲಿ ಡಾರ್ಟ್‌ಮತ್, ಬ್ರೌನ್, ಹಾರ್ವರ್ಡ್, ಕ್ಯಾಲ್‌ಟೆಕ್, ಟೆಕ್ಸಸ್ ಯೂನಿವರ್ಸಿಟಿಯ ಆಸ್ಟಿನ್ ಕ್ಯಾಂಪಸ್. ನಮಗೆ ಹಾರ್ವರ್ಡ್ ಆಸೆಯೇನೂ ಇರಲಿಲ್ಲ. (ಇತ್ತು. ಮನಸ್ಸಿನಲ್ಲೇ ಇಟ್ಟುಕೊಂಡಿದ್ದೆ.) ಆದರೆ ಇವಳಿಗೆ ಪರಿಸರ ಇಂಜಿನಿಯರಿಂಗ್ ಓದಬೇಕು, ಅದಕ್ಕೆ ಇಂಡಿಯಾನಾದ ಪರ್ಡ್ಯೂ ಯೂನಿವರ್ಸಿಟಿ ಇಷ್ಟ. ಪರ್ಡ್ಯೂಗೆ ಅಂಕ ಬೇಕೇ ಬೇಕು. ಜಾರ್ಜಿಯಾ ಟೆಕ್‌ಗೂ ಬೇಕು. ಮಿಕ್ಕ ಕೆಲವು ಕಡೆ ಕೊಟ್ಟರೆ ನೋಡುತ್ತಾರೆ, ಕೊಡದಿದ್ದರೆ ಇಲ್ಲ. ಒಂದೇ ಪಟ್ಟಿಯಲ್ಲಿ ಮೂರು ಥರದ ಕಾಲೇಜು. ಒಂದೇ ರ‍್ಯಾಂಕಿನಲ್ಲಿ ಬೆಳೆದ ನನಗೆ ಇದನ್ನು ಒಪ್ಪಿಕೊಳ್ಳೋದಕ್ಕೇ ಒಂದು ತಿಂಗಳು ಹಿಡಿಯಿತು.

ಆಮೇಲೆ ಕೂತು ಕ್ಯಾಲೆಂಡರನ್ನು ಹಿಂದಿನಿಂದ ಮುಂದಕ್ಕೆ ಓದಿದೆವು. ಈ ಯೋಚನೆ ಮಗಳದ್ದು. ‘ಶುರು ಯಾವಾಗ ಅಂತ ಬಿಡು ಅಮ್ಮಾ, ಮುಗಿಯೋದು ಯಾವಾಗ ಅಂತ ನೋಡೋಣ.’ ಬೇಗನೆ ಅರ್ಜಿ ಹಾಕುವ ಗಡುವು ಹೆಚ್ಚಿನ ಕಡೆ ಹನ್ನೆರಡನೇ ಕ್ಲಾಸಿನ ನವೆಂಬರ್ 1. ಯುಸಿ ಅರ್ಜಿ ನವೆಂಬರ್ ಕೊನೆಗೆ. ಅಂದರೆ ಅಕ್ಟೋಬರ್ ಪರೀಕ್ಷೆಯೇ ಹೆಚ್ಚು ಕಡಿಮೆ ಕಡೇ ಬಸ್ಸು. ಆದರೆ ಸೆಪ್ಟೆಂಬರ್, ಅಕ್ಟೋಬರ್ ಎರಡೂ ಪ್ರಬಂಧ ಬರೆಯುವ ತಿಂಗಳು. ಯುಸಿ ಒಂದಕ್ಕೇ 350 ಪದಗಳ ಮಿತಿಯ ನಾಲ್ಕು ಉತ್ತರ ಬರೆಯಬೇಕು. ಹಿಂದೆ ಬನ್ನಿ. ಜೂನ್‌ನಲ್ಲಿ ಪರೀಕ್ಷೆ ಇದೆ, ಆದರೆ ಅದು ಸ್ಕೂಲಿನ ಫೈನಲ್ಸ್‌ಗೆ ಅಂಟಿಕೊಂಡಿರುತ್ತದೆ. ಮೇ ತಿಂಗಳಲ್ಲೂ ಇದೆ, ಆದರೆ ಮೇ ಮೊದಲ ಎರಡು ವಾರ ಎಪಿ ಪರೀಕ್ಷೆಗಳು, ಅಂದರೆ ಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ವಿಷಯಗಳದ್ದು, ಇವಳು ಮೂರು ತಗೊಂಡಿದ್ದಳು. ಡಿಸೆಂಬರ್ ಅಂದರೆ ಸೆಮಿಸ್ಟರ್ ಕೊನೆ. ಎಲ್ಲ ಹೊಡೆದುಹಾಕಿದ ಮೇಲೆ ಉಳಿದದ್ದು ಎರಡೇ: ಹನ್ನೊಂದನೇ ಕ್ಲಾಸಿನ ಮಾರ್ಚ್, ಹನ್ನೆರಡನೇ ಕ್ಲಾಸು ಶುರುವಾಗುವ ಹೊತ್ತಿನ ಆಗಸ್ಟ್.

ನನ್ನ ಐದು ಬಣ್ಣದ ಶೀಟಿನ ಬದಲು ಫ್ರಿಜ್ಜಿನ ಬಾಗಿಲ ಮೇಲೆ ಎರಡು ಪದದ ಚೀಟಿ ಬಂತು. ‘ಮಾರ್ಚ್, ಆಗಸ್ಟ್.’

ಇನ್ನೊಂದು ಮಾತು. ಕೆಲವರು ಒಂಬತ್ತನೇ ಕ್ಲಾಸಿನಿಂದಲೇ ಮಕ್ಕಳನ್ನು ಕೂರಿಸುತ್ತಾರೆ. ಅದು ದುಡ್ಡು ದಂಡ ಅಂತ ನನ್ನ ಅಭಿಪ್ರಾಯ. ಎಸ್‌ಎಟಿ ಗಣಿತದಲ್ಲಿ ಆಲ್ಜೀಬ್ರಾ 2 ಅನ್ನುವ ಹೈಸ್ಕೂಲು ಕೋರ್ಸಿನ ಮಟ್ಟದ ಪ್ರಶ್ನೆಗಳೂ ಬಹಳ ಇರುತ್ತವೆ. ಸ್ಕೂಲಿನಲ್ಲಿ ಅದನ್ನು ಕಲಿಯುವ ಮೊದಲೇ ಅಭ್ಯಾಸ ಮಾಡಿಸಿದರೆ ಮಗು ಉಪಾಯ ಕಲಿಯುತ್ತದೆ, ಗಣಿತ ಕಲಿಯೋದಿಲ್ಲ. ಇವಳದ್ದು ಹತ್ತನೇ ಕ್ಲಾಸಿನಲ್ಲಿ ಮುಗಿದಿತ್ತು. ಅದಕ್ಕೇ ಮಾರ್ಚ್ ಸರಿಹೋಯಿತು.

ಅಕ್ಟೋಬರ್‌ನಲ್ಲಿ ಸ್ಕೂಲಿನಲ್ಲೇ ಪಿಎಸ್‌ಎಟಿ ಆಯಿತು. ಎಸ್‌ಎಟಿಯ ತಮ್ಮ ಅಂದುಕೊಳ್ಳಿ, 1520ಕ್ಕೆ ಅಂಕ. ಹನ್ನೊಂದನೇ ಕ್ಲಾಸಿನಲ್ಲಿ ಬರೆದದ್ದು ನ್ಯಾಷನಲ್ ಮೆರಿಟ್ ಸ್ಕಾಲರ್‌ಶಿಪ್‌ಗೂ ಲೆಕ್ಕ. ಆದರೆ ಅದರ ಕಟ್‌ಆಫ್ ರಾಜ್ಯಕ್ಕೊಂದು ಥರ, ಕ್ಯಾಲಿಫೋರ್ನಿಯಾದ್ದು ದೇಶದಲ್ಲೇ ಅತಿ ಎತ್ತರದ ಸಾಲಿನಲ್ಲಿದೆ. ಇವಳಿಗೆ ಬಂದದ್ದು 1290. ಇಂಗ್ಲಿಷ್‌ನಲ್ಲಿ 640, ಗಣಿತದಲ್ಲಿ 650. ಆ ಸ್ಕಾಲರ್‌ಶಿಪ್ ಅಲ್ಲಿಗೇ ಬಿಟ್ಟೆವು. ನನಗೆ ಆಶ್ಚರ್ಯ ಅನಿಸಿದ್ದು ಇಂಗ್ಲಿಷ್. ಇಲ್ಲೇ ಹುಟ್ಟಿದ ಹುಡುಗಿ, ಕನ್ನಡದಲ್ಲಿ ಬೈದರೆ ಇಂಗ್ಲಿಷ್‌ನಲ್ಲಿ ಉತ್ತರ ಕೊಡುವವಳು. ತಪ್ಪಾದದ್ದೆಲ್ಲ ಕಾಮಾ, ಸೆಮಿಕೋಲನ್, ಎರಡು ವಾಕ್ಯ ಜೋಡಿಸುವ ಪದ. ಮಾತಾಡುವ ಭಾಷೆಯಲ್ಲಿ ಸೆಮಿಕೋಲನ್ ಎಲ್ಲಿರುತ್ತೆ ಹೇಳಿ?

ಆ ಹೊತ್ತಿಗೆ ನಾನು ಹೆದರಿ ಒಂದು ಕೋಚಿಂಗ್ ಸೆಂಟರ್‌ಗೆ ಹೋದೆ. ಹೆಸರು ಬೇಡ. ಉಚಿತ ಪರೀಕ್ಷೆ ಮಾಡುತ್ತೇವೆ, ಮಗು ಎಲ್ಲಿದೆ ಅಂತ ಗೊತ್ತಾಗುತ್ತೆ ಅಂದರು. ಶನಿವಾರ ಬೆಳಗ್ಗೆ ಬರೆಸಿದರು. 1140 ಬಂತು. ಮೂರು ವಾರದ ಹಿಂದೆ ಅಸಲಿ ಪಿಎಸ್‌ಎಟಿಯಲ್ಲಿ 1290 ತೆಗೆದವಳು 1140ಕ್ಕೆ ಹೇಗೆ ಇಳಿದಳು? ಅಲ್ಲಿನವರು ಮುಖ ಗಂಭೀರ ಮಾಡಿಕೊಂಡು, ಬುನಾದಿ ಗಟ್ಟಿಯಿಲ್ಲ ಮೇಡಂ, ನಾವು 200 ಅಂಕ ಏರಿಸುವ ಗ್ಯಾರಂಟಿ ಕೊಡುತ್ತೇವೆ ಅಂದರು. ಫೀಸು ಸಾವಿರಾರು ಡಾಲರ್. ಕಾರಿನಲ್ಲಿ ಮಗಳೇ ಲೆಕ್ಕ ಬಿಡಿಸಿದಳು. ‘ಅಮ್ಮಾ, 1140ಕ್ಕೆ 200 ಸೇರಿಸಿದ್ರೆ 1340. ನಾನು ಈಗಲೇ 1290. ಐವತ್ತು ಅಂಕಕ್ಕೆ ಅಷ್ಟು ದುಡ್ಡಾ?’ ಗ್ಯಾರಂಟಿಯ ಅಳತೆಗೋಲು ಅವರದ್ದೇ ಪರೀಕ್ಷೆ. ಎಲ್ಲ ಸೆಂಟರ್‌ಗಳೂ ಹೀಗೇ ಅಂತ ನಾನು ಹೇಳೋದಿಲ್ಲ. ಆದರೆ ಯಾರಾದರೂ ಇಷ್ಟು ಏರಿಸುತ್ತೇವೆ ಅಂದಾಗ ಎಲ್ಲಿಂದ ಅಂತ ಕೇಳಿ.

ಕೊನೆಗೆ ಸಾಮಾನು ಎಲ್ಲ ಉಚಿತದ್ದೇ ಆಯಿತು. ಪರೀಕ್ಷೆ ಬರೆಯೋದು ಬ್ಲೂಬುಕ್ ಅನ್ನುವ ಆ್ಯಪ್‌ನಲ್ಲಿ. 2024ರ ಮಾರ್ಚ್‌ನಿಂದ ಅಮೆರಿಕದಲ್ಲಿ ಎಸ್‌ಎಟಿ ಪೂರ್ತಿ ಲ್ಯಾಪ್‌ಟಾಪ್ ಮೇಲೆಯೇ. ಅದೇ ಆ್ಯಪ್‌ನಲ್ಲಿ ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್‌ನವರೇ ಕೊಟ್ಟ ಪೂರ್ತಿ ಅಣಕು ಪರೀಕ್ಷೆಗಳಿವೆ. ಖಾನ್ ಅಕಾಡೆಮಿ ಅನ್ನುವ ವೆಬ್‌ಸೈಟಿನಲ್ಲಿ ಪಾಠ, ಅಭ್ಯಾಸ ಎಲ್ಲ ಇದೆ, ಅದಕ್ಕೂ ದುಡ್ಡಿಲ್ಲ. ಬೆಲೆ ಇದ್ದದ್ದು ಬೇರೆ ಕಡೆ. ಅಸಲಿಗೆ ಹತ್ತಿರವಾದ ಈ ಅಣಕು ಪರೀಕ್ಷೆಗಳು ಲೆಕ್ಕಕ್ಕಿಷ್ಟು. ಉಪ್ಪಿನಕಾಯಿ ಥರ ತೆಗೆದು ತೆಗೆದು ಬಡಿಸಿದರೆ ಭರಣಿ ಖಾಲಿ. ನಾವು ಡಿಸೆಂಬರ್ ರಜೆಯಲ್ಲಿ ಉತ್ಸಾಹದಿಂದ ಒಂದೇ ವಾರಕ್ಕೆ ಎರಡು ಮುಗಿಸಿದೆವು. ಎರಡರಲ್ಲೂ ಅಷ್ಟೇ ಅಂಕ. ಬರದೇ ಇರುತ್ತಾ? ನಡುವೆ ಏನೂ ಕಲಿತಿರಲಿಲ್ಲ.

ಆಮೇಲೆ ನಿಯಮ ಮಾಡಿಕೊಂಡೆವು. ಮೂರು ವಾರಕ್ಕೆ ಒಂದೇ ಅಣಕು ಪರೀಕ್ಷೆ, ಶನಿವಾರ ಬೆಳಗ್ಗೆ ಎಂಟಕ್ಕೆ, ಅಸಲಿ ಪರೀಕ್ಷೆಯ ಹೊತ್ತಿಗೇ. ಮಿಕ್ಕ ದಿನ ಅರ್ಧ ಗಂಟೆ, ತಪ್ಪಾದ ಥರದ ಪ್ರಶ್ನೆಗಳು ಮಾತ್ರ. ಒಂದು ಹಳೇ ನೋಟ್‌ಬುಕ್‌ನಲ್ಲಿ ಪ್ರತಿ ತಪ್ಪಿಗೂ ಒಂದು ಸಾಲು, ಯಾಕೆ ತಪ್ಪಾಯ್ತು ಅಂತ. ಗೊತ್ತಿರಲಿಲ್ಲ, ಗೊತ್ತಿತ್ತು ಆದರೆ ಅವಸರ, ಪ್ರಶ್ನೆಯನ್ನೇ ಸರಿಯಾಗಿ ಓದಲಿಲ್ಲ. ಹೀಗೆ ಮೂರೇ ಕಾರಣ. ಫೆಬ್ರವರಿ ಹೊತ್ತಿಗೆ ಮೂರನೆಯದ್ದೇ ಅರ್ಧಕ್ಕಿಂತ ಜಾಸ್ತಿ ಇತ್ತು. ‘x ಎಷ್ಟು’ ಅಂತ ಕಂಡುಹಿಡಿದು ಗುರುತು ಹಾಕುತ್ತಿದ್ದಳು, ಅವರು ಕೇಳಿದ್ದು ‘2x ಎಷ್ಟು’ ಅಂತ. ಇದಕ್ಕೆ ಯಾವ ಕೋಚಿಂಗ್ ಬೇಕು?

ಪರೀಕ್ಷೆಯ ಒಳಗಿನ ವ್ಯವಸ್ಥೆ ಗೊತ್ತಿದ್ದರೆ ಹೆದರಿಕೆ ಕಡಿಮೆಯಾಗುತ್ತದೆ, ಅದಕ್ಕೆ ಸ್ವಲ್ಪ ಹೇಳುತ್ತೇನೆ. ಒಟ್ಟು 2 ಗಂಟೆ 14 ನಿಮಿಷ. ಇಂಗ್ಲಿಷ್‌ಗೆ 54 ಪ್ರಶ್ನೆ, ಗಣಿತಕ್ಕೆ 44. ಎರಡನ್ನೂ ಎರಡೆರಡು ಭಾಗ ಮಾಡಿದ್ದಾರೆ, ಮಾಡ್ಯೂಲ್ ಅಂತಾರೆ. ಮೊದಲ ಮಾಡ್ಯೂಲ್ ಹೇಗೆ ಮಾಡಿದಿರಿ ಅನ್ನುವುದರ ಮೇಲೆ ಎರಡನೆಯದು ಕಷ್ಟದ್ದು ಬರುತ್ತದೆ ಇಲ್ಲವೇ ಸುಲಭದ್ದು. ಸುಲಭದ್ದು ಬಂತು ಅಂದರೆ ಖುಷಿ ಪಡಬೇಡಿ, ಅಲ್ಲಿಂದ ತುದಿಯ ಅಂಕ ಮುಟ್ಟೋಕೆ ಆಗೋದಿಲ್ಲ. ಹಾಗಾಗಿ ಮೊದಲ ಮಾಡ್ಯೂಲ್‌ನಲ್ಲಿ ಅವಸರ ಬೇಡ, ಕೈಗೆ ಸಿಗೋದನ್ನು ತಪ್ಪು ಮಾಡಬೇಡ ಅನ್ನೋದೇ ನಮ್ಮ ಮಂತ್ರವಾಗಿತ್ತು. ತಪ್ಪು ಉತ್ತರಕ್ಕೆ ಅಂಕ ಕಳೆಯೋದಿಲ್ಲ, ಏನನ್ನೂ ಖಾಲಿ ಬಿಡಬಾರದು. ಪ್ರತಿ ಮಾಡ್ಯೂಲ್‌ನಲ್ಲೂ ಎರಡು ಪ್ರಶ್ನೆ ಲೆಕ್ಕಕ್ಕಿಲ್ಲ, ಮುಂದಿನ ಪರೀಕ್ಷೆಗಳಿಗಾಗಿ ಅವರು ಪ್ರಯೋಗ ಮಾಡಿ ನೋಡುವಂಥವು. ಯಾವ ಎರಡು ಅಂತ ಗೊತ್ತಾಗೋದಿಲ್ಲ. ಆದರೂ ವಿಚಿತ್ರ ಪ್ರಶ್ನೆ ಎದುರಾದಾಗ ‘ಇದು ಲೆಕ್ಕಕ್ಕಿಲ್ಲದ್ದೇ ಇರಬೇಕು’ ಅಂತ ಮುಂದೆ ಹೋಗೋದಕ್ಕೆ ಮಗಳಿಗೆ ಇದೊಂದು ನೆಪ ಸಿಕ್ಕಿತು.

ಗಣಿತದ ಭಾಗದಲ್ಲಿ ಉದ್ದಕ್ಕೂ ಡೆಸ್ಮೋಸ್ ಅನ್ನುವ ಗ್ರಾಫ್ ಕ್ಯಾಲ್ಕುಲೇಟರ್ ತೆರೆ ಮೇಲೆಯೇ ಇರುತ್ತದೆ. ಎರಡು ಸಮೀಕರಣ ಟೈಪ್ ಮಾಡಿ, ಗೆರೆಗಳು ಸೇರುವ ಜಾಗ ಮುಟ್ಟಿದರೆ ಉತ್ತರ. ಲಾಗರಿದಮ್ ಟೇಬಲ್ ಹಿಡಿದು ಪಾಸಾದ ನನಗೆ ಇದು ಅಪ್ಪಟ ಕಾಪಿ ಹೊಡೆದ ಹಾಗೆ ಕಂಡಿತು. ‘ಕೈಯಲ್ಲಿ ಬಿಡಿಸು, ಕಲಿಯೋದು ಹಾಗೆ’ ಅಂದೆ. ಅವಳು ಒಂದು ಪ್ರಶ್ನೆ ನನಗೇ ಕೊಟ್ಟಳು. ನಾನು ಕಾಗದದ ಮೇಲೆ ಮೂರು ನಿಮಿಷ. ಅವಳು ಹದಿನೈದು ಸೆಕೆಂಡ್. ಆಮೇಲೆ ನಾನು ಗಣಿತದ ಬಗ್ಗೆ ಬಾಯಿ ಹಾಕಲಿಲ್ಲ.

ನಡುವೆ ಒಂದು ಶನಿವಾರ ಎಸಿಟಿಯನ್ನೂ ಮನೆಯಲ್ಲೇ ಬರೆದು ನೋಡಿದಳು. ಎರಡರಲ್ಲಿ ಯಾವುದಾದರೂ ಒಂದನ್ನು ಕಾಲೇಜುಗಳು ಒಪ್ಪುತ್ತವೆ, ಎಸಿಟಿಗೆ ಅಂಕ 36ಕ್ಕೆ. ಅರ್ಧ ದಾರಿಯಲ್ಲೇ ಪೆನ್ಸಿಲ್ ಇಟ್ಟಳು. ಪ್ರಶ್ನೆ ಕಷ್ಟ ಅಂತಲ್ಲ, ಪ್ರಶ್ನೆಗೆ ಸಿಗುವ ಸಮಯ ಕಡಿಮೆ. ಓಡುತ್ತಾ ಓದೋದು ಇವಳ ಜಾಯಮಾನ ಅಲ್ಲ. ಅವಳ ಗೆಳತಿಯೊಬ್ಬಳಿಗೆ ಅದೇ ಒಗ್ಗಿತು. ಒಂದು ಬೆಳಗ್ಗೆ ಖರ್ಚು ಮಾಡಿ ನೋಡಿಕೊಂಡರೆ ಸಾಕು, ಎರಡಕ್ಕೂ ತಯಾರಿ ಮಾಡಬೇಡಿ.

ಇಷ್ಟೆಲ್ಲ ಯೋಚಿಸಿದ ನಾನು ಸುಲಭದ್ದೊಂದನ್ನು ಮರೆತಿದ್ದೆ. ಹೆಸರು ನೋಂದಾಯಿಸೋದು.

ಜನವರಿ ಮೊದಲ ವಾರ ಕೂತೆ. ಪರೀಕ್ಷೆ ಮಾರ್ಚ್‌ನಲ್ಲಿ, ಇನ್ನೂ ಎರಡು ತಿಂಗಳಿದೆ, ಆರಾಮಾಗಿ ಮಾಡಿದರಾಯ್ತು ಅಂದುಕೊಂಡಿದ್ದೆ. 68 ಡಾಲರ್ ಕಟ್ಟೋದಕ್ಕೆ ಕಾರ್ಡು ಪಕ್ಕದಲ್ಲಿಟ್ಟುಕೊಂಡು, ಮನೆಯ ಜಿಪ್ ಕೋಡ್ ಹಾಕಿ ಕೇಂದ್ರ ಹುಡುಕಿದೆ. ಫ್ರೀಮಾಂಟ್, ಸೀಟಿಲ್ಲ. ಸ್ಯಾನ್ ಹೋಸೆ, ಇಲ್ಲ. ಪ್ಲೆಸಂಟನ್, ಇಲ್ಲ. ದೂರ ಹೆಚ್ಚಿಸುತ್ತಾ ಹೋದೆ. ನೂರು ಮೈಲಿ ಮುಟ್ಟಿದಾಗ ಒಂದು ಹೆಸರು ಬಂತು, ಮರ್ಸೆಡ್.

ಆಮೇಲೆ ಗೊತ್ತಾಯಿತು. ಇದು ನಮ್ಮ ಬೇ ಏರಿಯಾ, ಅಂದರೆ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತಲಿನವರಿಗೆಲ್ಲ ಇರುವ ತೊಂದರೆ. ರಾಜ್ಯದ ವಿಶ್ವವಿದ್ಯಾಲಯಗಳು ಅಂಕ ಕೇಳೋದು ಬಿಟ್ಟ ಮೇಲೆ ಇಲ್ಲಿನ ಸ್ಕೂಲುಗಳಿಗೆ ಶನಿವಾರ ಬಾಗಿಲು ತೆರೆದು ಪರೀಕ್ಷೆ ನಡೆಸುವ ಉಮೇದು ಕಡಿಮೆ. ಬರೆಯುವ ಮಕ್ಕಳೇನೂ ಕಡಿಮೆಯಾಗಿಲ್ಲ. ಗೊತ್ತಿದ್ದವರು ಬೇಸಿಗೆಯಲ್ಲೇ, ನೋಂದಣಿ ತೆರೆದ ಕೂಡಲೇ ಸೀಟು ಹಿಡಿದು ಕೂತಿದ್ದರು. ಆ ಹೊತ್ತಿನಲ್ಲಿ ನಾನು ಎಕ್ಸೆಲ್‌ಗೆ ಬಣ್ಣ ಬಳಿಯುತ್ತಿದ್ದೆ.

ಹೆಸರಿನದ್ದೂ ಒಂದು ರಗಳೆ ಆಯಿತು. ನಮ್ಮವರ ಹೆಸರು ಗೊತ್ತಲ್ಲ, ಪಾಸ್‌ಪೋರ್ಟಿನಲ್ಲಿ ಒಂದು ಥರ, ಸ್ಕೂಲಿನಲ್ಲಿ ಇನ್ನೊಂದು ಥರ. ಇವಳು ಒಂಬತ್ತನೇ ಕ್ಲಾಸಿನಲ್ಲಿ ಯಾವುದಕ್ಕೋ ಖಾತೆ ತೆರೆದಾಗ ಸ್ನೇಹಿತರು ಕರೆಯುವ ಮೋಟು ಹೆಸರು ಹಾಕಿದ್ದಳು. ಪರೀಕ್ಷೆಯ ದಿನ ಫೋಟೊ ಐಡಿಯಲ್ಲಿರುವ ಹೆಸರು, ನೋಂದಾಯಿಸಿದ ಹೆಸರು ಎರಡೂ ಹೊಂದಬೇಕು. ಫೋನು ಮಾಡಿ, ಕಾದು, ದಾಖಲೆ ಕಳಿಸಿ ಸರಿ ಮಾಡಿಸೋದರಲ್ಲಿ ಎರಡು ವಾರ ಹೋಯಿತು. ಮಗು ಒಂಬತ್ತನೇ ಕ್ಲಾಸಿನಲ್ಲಿದ್ದರೆ ನೀವು ಇವತ್ತು ಮಾಡಬೇಕಾದ ತಯಾರಿ ಇದೊಂದೇ, ಹೆಸರು ನೋಡಿ.

ಮಾರ್ಚ್‌ನ ಆ ಶುಕ್ರವಾರ ಸ್ಕೂಲು ಬಿಟ್ಟ ಕೂಡಲೇ ಹೊರಟೆವು. ಆಲ್ಟಮಾಂಟ್ ಗುಡ್ಡದ ಗಾಳಿಯಂತ್ರಗಳ ನಡುವೆ ಟ್ರಾಫಿಕ್ ನಿಂತೇಬಿಟ್ಟಿತ್ತು. ಎರಡು ಗಂಟೆಯ ದಾರಿಗೆ ಮೂರೂವರೆ ಗಂಟೆ ಹಿಡಿಯಿತು. ಕಣಿವೆಗೆ ಇಳಿದ ಮೇಲೆ ಎರಡೂ ಕಡೆ ಬಾದಾಮಿ ತೋಟ. ಹೂವಿನ ಕಾಲ ಮುಗಿಯುತ್ತಾ ಬಂದಿತ್ತು, ಎಸಳೆಲ್ಲ ಉದುರಿ ಮರದ ಬುಡ ಬೆಳ್ಳಗಾಗಿತ್ತು. ಹಿಂದಿನ ಸೀಟಿನಲ್ಲಿ ಅವಳು ನಿದ್ದೆ. ನಮ್ಮನೆಯವರು ಸುಮ್ಮನೆ ಓಡಿಸುತ್ತಿದ್ದರು. ಮರ್ಸೆಡ್ ಹತ್ತಿರವಾದಾಗ ಹೆದ್ದಾರಿಯ ಬೋರ್ಡು ಕಂಡಿತು, ‘ಯುಸಿ ಮರ್ಸೆಡ್’ ಅಂತ ಬಾಣದ ಗುರುತು. 2005ರಲ್ಲಿ ಶುರುವಾದದ್ದು, ಯುಸಿಯ ಹತ್ತು ಕ್ಯಾಂಪಸ್‌ಗಳಲ್ಲಿ ಎಲ್ಲಕ್ಕಿಂತ ಹೊಸದು. ಅವರು ಆ ಬೋರ್ಡು ನೋಡಿ ನಗೋಕೆ ಶುರು ಮಾಡಿದರು.

‘ಈ ಊರಿನ ಯೂನಿವರ್ಸಿಟಿ ನೋಡದೇ ಇರೋ ಪರೀಕ್ಷೆ ಬರೆಯೋಕೆ ಈ ಊರಿಗೇ ಬಂದಿದೀವಲ್ಲೇ!’

ಮೋಟೆಲ್‌ಗೆ ಹೋದ ಮೇಲೆ ಇವಳ ಲ್ಯಾಪ್‌ಟಾಪ್ ಚಾರ್ಜರ್ ಫ್ರೀಮಾಂಟ್‌ನಲ್ಲೇ ಉಳಿದಿದೆ ಅಂತ ಗೊತ್ತಾಯಿತು. ಬ್ಯಾಟರಿ ಮೂರು ನಾಲ್ಕು ಗಂಟೆ ಬರಲೇಬೇಕು, ಪರೀಕ್ಷೆಯ ಕೋಣೆಯಲ್ಲಿ ಪ್ಲಗ್ ಸಿಗುತ್ತದೆ ಅಂತ ನಂಬೋ ಹಾಗಿಲ್ಲ. ರಾತ್ರಿ ಎಂಟೂವರೆಗೆ ಅಂಗಡಿ ಹುಡುಕಿಕೊಂಡು ಹೊರಟೆವು, ಮುಚ್ಚುವ ಹತ್ತು ನಿಮಿಷ ಮೊದಲು ಒಂದು ಸಿಕ್ಕಿತು. ಪುಣ್ಯಕ್ಕೆ ಬ್ಲೂಬುಕ್‌ನಲ್ಲಿ ಮಾಡಬೇಕಾದ ಪರೀಕ್ಷಾ ಸಿದ್ಧತೆಯನ್ನು ಮನೆಯಲ್ಲೇ ಮುಗಿಸಿದ್ದಳು. ಪರೀಕ್ಷೆಗೆ ಐದು ದಿನ ಮೊದಲೇ ಅದು ತೆರೆದುಕೊಳ್ಳುತ್ತದೆ, ಮುಗಿಸಿದ ಮೇಲೆಯೇ ಪ್ರವೇಶ ಪತ್ರ ಬರೋದು. ಮೋಟೆಲ್ ವೈಫೈ ನಂಬಿಕೊಂಡಿದ್ದರೆ ಆ ರಾತ್ರಿ ನಮ್ಮಲ್ಲಿ ಯಾರಿಗೂ ನಿದ್ದೆ ಇರುತ್ತಿರಲಿಲ್ಲ.

ಬೆಳಗ್ಗೆ 7:45ಕ್ಕೆ ಬಾಗಿಲು ತೆರೆಯಿತು, ಎಂಟಕ್ಕೆ ಮುಚ್ಚಿತು. ಸ್ಕೂಲಿನ ಪಾರ್ಕಿಂಗ್‌ನಲ್ಲಿ ಅಪ್ಪ ಅಮ್ಮಂದಿರ ಜಾತ್ರೆ. ಇಲ್ಲಿನ ಕಾರುಗಳ ನಂಬರ್ ಪ್ಲೇಟಿನ ಸುತ್ತ ಮಾರಿದ ಡೀಲರ್ ಊರಿನ ಹೆಸರಿರುತ್ತದೆ. ಸುಮ್ನೆ ಓದುತ್ತಾ ಹೋದೆ. ಫ್ರೀಮಾಂಟ್, ಸನಿವೇಲ್, ಸ್ಯಾನ್ ಹೋಸೆ, ಡಬ್ಲಿನ್, ಮತ್ತೆ ಫ್ರೀಮಾಂಟ್. ಮರ್ಸೆಡ್ ಅಂತ ಇದ್ದದ್ದು ನಾಲ್ಕೋ ಐದೋ. ಆ ಊರಿನ ಮಕ್ಕಳ ಸೀಟನ್ನೂ ನಾವೇ ತಗೊಂಡಿದ್ದೇವಾ ಅನ್ನಿಸಿ ಒಂದು ಕ್ಷಣ ಮುಜುಗರವಾಯಿತು. ಪಕ್ಕದ ಕಾರಿನ ತೆಲುಗು ದಂಪತಿ ಫ್ಲಾಸ್ಕ್‌ನಿಂದ ಕಾಫಿ ಕೊಟ್ಟರು. ಅವರದ್ದು ಎರಡನೇ ಮಗು, ಎರಡನೇ ಸಲ ಮರ್ಸೆಡ್.

ಹನ್ನೊಂದರ ಹೊತ್ತಿಗೆ ಹೊರಗೆ ಬಂದಳು. ಮುಖ ನೋಡಿ ಏನೂ ಕೇಳಲಿಲ್ಲ. ಎರಡು ವಾರದ ಮೇಲೆ ಅಂಕ ಬಂತು, 1400. ಇಂಗ್ಲಿಷ್ 670, ಗಣಿತ 730.

ಊರಿಗೆ ಫೋನು ಮಾಡಿದಾಗ ನಮ್ಮಮ್ಮ ಕೇಳಿದ್ದು ಒಂದೇ ಪ್ರಶ್ನೆ. ‘ರ‍್ಯಾಂಕ್ ಎಷ್ಟು ಬಂತೇ?’

‘ಇದರಲ್ಲಿ ರ‍್ಯಾಂಕ್ ಇಲ್ಲಮ್ಮ.’

‘ರ‍್ಯಾಂಕ್ ಇಲ್ದೇ ಇರೋ ಪರೀಕ್ಷೆ ಎಂಥದ್ದು? ಹಂಗಾದ್ರೆ ಪಾಸೋ ಫೇಲೋ?’

ಅದೂ ಇಲ್ಲ ಅಂದಾಗ ಅಮ್ಮ ಮಾತು ಬದಲಿಸಿದರು.

ಆಗಸ್ಟ್ ಸಲಕ್ಕೆ ನಾನು ಜಾಣೆಯಾಗಿದ್ದೆ. ನೋಂದಣಿ ತೆರೆದ ದಿನವೇ ಕೂತು ಟ್ರೇಸಿಯಲ್ಲಿ ಸೀಟು ಹಿಡಿದೆ, ಮನೆಯಿಂದ ಮುಕ್ಕಾಲು ಗಂಟೆ. ಜೂನ್ ಪೂರ್ತಿ ಪುಸ್ತಕ ಮುಟ್ಟಲಿಲ್ಲ. ಅದು ಅವಳ ಷರತ್ತು, ನನ್ನ ಹೊಟ್ಟೆಯಲ್ಲಿ ತಳಮಳ. ಜುಲೈನಲ್ಲಿ ಮತ್ತೆ ಅದೇ ಅರ್ಧ ಗಂಟೆ, ಅದೇ ನೋಟ್‌ಬುಕ್. ಈ ಸಲ ಇಂಗ್ಲಿಷ್ ಮಾತ್ರ. ಗಣಿತ ಹೇಗೂ ಬರುತ್ತೆ ಅಂತ ಬಿಟ್ಟೆವು. ಸೆಪ್ಟೆಂಬರ್ ಮೊದಲ ವಾರ ಫಲಿತಾಂಶ ಬಂತು. ಇಂಗ್ಲಿಷ್ 730. ಗಣಿತ 720, ಹತ್ತು ಕಡಿಮೆ.

ಇಲ್ಲೊಂದು ಅನುಕೂಲ ಇದೆ. ಬಹಳ ಕಾಲೇಜುಗಳು ಬೇರೆ ಬೇರೆ ಸಲ ಬರೆದದ್ದರಲ್ಲಿ ಎರಡೂ ಭಾಗದ ಒಳ್ಳೇ ಅಂಕವನ್ನು ಆರಿಸಿ ಕೂಡಿಸುತ್ತವೆ, ಸೂಪರ್‌ಸ್ಕೋರ್ ಅಂತಾರೆ. ಆ ಲೆಕ್ಕದಲ್ಲಿ 730ಕ್ಕೆ 730, ಒಟ್ಟು 1460. ಜಾರ್ಜ್‌ಟೌನ್‌ನಂಥ ಕೆಲವರು ಬರೆದದ್ದನ್ನೆಲ್ಲ ಕಳಿಸಿ ಅನ್ನುತ್ತಾರೆ, ಅದನ್ನು ಮೊದಲೇ ನೋಡಿಕೊಂಡಿರಬೇಕು.

ನನ್ನ ಮನಸ್ಸು ಆಗಲೇ ಅಕ್ಟೋಬರ್ ಕಡೆ ಓಡಿತ್ತು. ಇನ್ನು ನಲವತ್ತೇ ಅಂಕ, 1500 ಆಗುತ್ತೆ. ಸಂಖ್ಯೆ ದುಂಡಗಿರಬೇಕು ಅನ್ನುವ ಆಸೆ ಬಿಟ್ಟರೆ ಅದಕ್ಕೆ ಬೇರೆ ಕಾರಣ ಇರಲಿಲ್ಲ ಅಂತ ಈಗ ಅನ್ನಿಸುತ್ತದೆ. ಮಗಳು ವಾದ ಮಾಡಲಿಲ್ಲ. ತನ್ನದೇ ಒಂದು ಶೀಟು ತೆರೆದಳು. ಬಣ್ಣ ಇಲ್ಲ. ಹತ್ತು ಕಾಲೇಜಿನ ಹೆಸರು, ಪಕ್ಕದಲ್ಲಿ ಎರಡೆರಡು ಸಂಖ್ಯೆ. ಇಲ್ಲಿನ ಹೆಚ್ಚಿನ ಕಾಲೇಜುಗಳು ಪ್ರತಿ ವರ್ಷ ಕಾಮನ್ ಡೇಟಾ ಸೆಟ್ ಅನ್ನುವ ದಾಖಲೆ ಹಾಕುತ್ತವೆ. ಅದರಲ್ಲಿ ಸಿ9 ಅನ್ನುವ ಭಾಗದಲ್ಲಿ, ಹಿಂದಿನ ವರ್ಷ ಸೇರಿದವರ ಅಂಕದ ಕೆಳಗಿನ ಕಾಲುಭಾಗ ಎಲ್ಲಿಗೆ ಮುಗಿಯುತ್ತೆ, ಮೇಲಿನ ಕಾಲುಭಾಗ ಎಲ್ಲಿಂದ ಶುರುವಾಗುತ್ತೆ ಅಂತ ಇರುತ್ತದೆ. ನೂರಕ್ಕೆ ಎಷ್ಟು ಜನ ಅಂಕ ಕೊಟ್ಟಿದ್ದರು ಅನ್ನೋದೂ ಅಲ್ಲೇ ಇದೆ. ಒಂದು ವರ್ಷದಿಂದ ನಾನು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ‘ಇಷ್ಟಿದ್ದರೆ ಸಾಕಾ, ಅಷ್ಟಿದ್ದರೆ ಸಾಕಾ’ ಅಂತ ಕೇಳುತ್ತಿದ್ದದ್ದಕ್ಕೆಲ್ಲ ಉತ್ತರ ಕಾಲೇಜಿನವರೇ ಬರೆದು ಇಟ್ಟಿದ್ದರು.

ಪರ್ಡ್ಯೂ ಸಾಲಿನಲ್ಲಿ ಇವಳ ಅಂಕ ನಡುಗೆರೆಗಿಂತ ಆರಾಮಾಗಿ ಮೇಲೆ. ಐದು ಕಾಲೇಜು ನೋಡೋದೇ ಇಲ್ಲ. ಎರಡಕ್ಕೆ ಕಳಿಸಿದರೆ ಲಾಭ. ಒಂದಕ್ಕೆ ಕಳಿಸಬಾರದು, ಅಲ್ಲಿ ಕೊಡೋದು ಬಿಡೋದು ನಮ್ಮಿಷ್ಟ, ಇವಳ ಅಂಕ ಕೆಳಗಿನ ಕಾಲುಭಾಗದಲ್ಲಿ. ಜಾರ್ಜಿಯಾ ಟೆಕ್ ಹೇಗೂ ಕಷ್ಟ, 1460ಕ್ಕೂ ಕಷ್ಟ, 1500ಕ್ಕೂ ಕಷ್ಟ.

‘ಈಗ ಹೇಳು ಅಮ್ಮಾ. ನಲವತ್ತು ಅಂಕ ಜಾಸ್ತಿ ಬಂದ್ರೆ ಇದರಲ್ಲಿ ಯಾವ ಸಾಲು ಬದಲಾಗುತ್ತೆ?’

ನಾನು ಮೇಲಿನಿಂದ ಕೆಳಗಿನವರೆಗೂ ಎರಡು ಸಲ ಓದಿದೆ. ಅನುಮಾನ ಉಳಿದದ್ದು ಹತ್ತನೇ ಸಾಲಿನ ಜಾರ್ಜಿಯಾ ಟೆಕ್ ಒಂದಕ್ಕೇ, ಅದೂ ನಲವತ್ತು ಅಂಕದಿಂದ ಬದಲಾಗುವಂಥದ್ದಲ್ಲ. ಅದಕ್ಕೆ ಸೇರಲೇಬೇಕು ಅಂತ ಅವಳಿಗೇನೂ ಇರಲಿಲ್ಲ. ನಾನೇ ಹಾಕಿಸಿದ ಹೆಸರು ಅದು.

ಆದರೂ ಅಭ್ಯಾಸ ಬಿಡಬೇಕಲ್ಲ. ಸೆಪ್ಟೆಂಬರ್ ಎರಡನೇ ವಾರ, ರಾತ್ರಿ ಹನ್ನೊಂದಕ್ಕೆ, ಪಾತ್ರೆ ತೊಳೆದು ಬಂದು ಲ್ಯಾಪ್‌ಟಾಪ್ ತೆರೆದೆ. ಅಕ್ಟೋಬರ್ ಪರೀಕ್ಷೆ, ಮನೆಯ ಜಿಪ್ ಕೋಡ್. ಬೆರಳು ತಾನಾಗಿಯೇ ದೂರ ಹೆಚ್ಚಿಸೋಕೆ ಹೋಗಿತ್ತು, ಅಷ್ಟರಲ್ಲಿ ಕಣ್ಣಿಗೆ ಬಿತ್ತು. ಫ್ರೀಮಾಂಟ್, ಸೀಟು ಇದೆ. ನಮ್ಮನೆಯಿಂದ ಕಾರಿನಲ್ಲಿ ಹತ್ತು ನಿಮಿಷ. ಯಾರೋ ರದ್ದು ಮಾಡಿರಬೇಕು.

ಅವಳ ಕೋಣೆಯಲ್ಲಿ ದೀಪ ಇತ್ತು. ಯುಸಿಯ ಎರಡನೇ ಉತ್ತರ ಬರೆಯುತ್ತಾ ಕೂತಿದ್ದಳು. ಬಾಗಿಲಲ್ಲಿ ನಿಂತು ಹೇಳಿದೆ, ‘ಪುಟ್ಟೀ, ಇಲ್ಲೇ, ನಮ್ಮೂರಲ್ಲೇ ಒಂದು ಸೀಟು ಖಾಲಿಯಾಗಿದೆ.’

ಅವಳು ತಲೆ ಎತ್ತಲಿಲ್ಲ. ‘ಒಳ್ಳೇದಾಯ್ತಲ್ಲ. ಬೇಕಾದೋರಿಗೆ ಹೇಳಮ್ಮ, ಪಾಪ ಯಾರೋ ಮರ್ಸೆಡ್‌ಗೆ ಹೋಗೋದು ತಪ್ಪುತ್ತೆ.’

ಕಾರ್ಡು ಕೈಯಲ್ಲೇ ಇತ್ತು. ಸ್ವಲ್ಪ ಹೊತ್ತು ಕೂತೆ. ಆಮೇಲೆ ಸ್ಕೂಲಿನ ಅಮ್ಮಂದಿರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೇಂದ್ರದ ಹೆಸರು ಬರೆದು ಹಾಕಿದೆ. ನಾಲ್ಕು ನಿಮಿಷಕ್ಕೆ ಒಂದು ಮೆಸೇಜು ಬಂತು, ‘ಸೀಟು ಸಿಕ್ತು, ಥ್ಯಾಂಕ್ಸ್ ರೀ.’